ತೊಳೆದ ಕೈಯ ತಟ್ಟೆ

ಅಗರ್ ಕುದಿಯುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸಲು ನಾವು ತಟ್ಟೆಗಳಲ್ಲಿ ಹೊಯ್ದು ಹೆಪ್ಪುಗಟ್ಟಿಸುವ ಪದಾರ್ಥ ಅದು, ನೋಡಲಿಕ್ಕೆ ತೆಳ್ಳಗಿನ ಗಂಜಿಯ ಹಾಗೆ. ಕಳೆದ ವಾರ ಕಾರವಾರದ ನಮ್ಮ ಕಾಲೇಜಿನಲ್ಲಿ ಪ್ರಥಮ ವರ್ಷದವರ ಪ್ರಯೋಗಕ್ಕೆಂದು ಅದನ್ನು ಕಾಯಿಸುತ್ತಿದ್ದೆ. ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿ ಮೂಗಿಗೆ ವೇಲು ಹಿಡಿದರು. ಅಗರ್ ಮಾಡುವುದೇ ಕಡಲ ಪಾಚಿಯಿಂದ. ನೀರು ಇಳಿದಾಗ ಬಂಡೆಗಳ ಸಂದಿಯಿಂದ ಬರುವ ವಾಸನೆಯೇ ಸ್ವಲ್ಪ ಸಾಧುವಾಗಿ ಬಂದಂತೆ ಇರುತ್ತದೆ, ಅಷ್ಟೆ. ನನಗೆ ಅದು ಮನೆಯ ವಾಸನೆ. ಅದಕ್ಕೆ ಮೂಗು ಮುಚ್ಚುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ನಮ್ಮ ಆಯಿ, ಎಂದರೆ ಅಮ್ಮ, ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಬೆಳಿಗ್ಗೆ ಅವಳಿಗೆ ಬಂಗಡೆ, ತಾರಲೆ ಮೀನುಗಳನ್ನು ಬೇರೆ ಬೇರೆ ಮಾಡಿಕೊಟ್ಟು, ಕೈಗೆ ಲಿಂಬೆಸಿಪ್ಪೆ ತಿಕ್ಕಿ, ಸಾಬೂನು ಹಚ್ಚಿ, ಮತ್ತೆ ಲಿಂಬೆಸಿಪ್ಪೆ ತಿಕ್ಕಿ, ಆಮೇಲೆ ನಾನು ಕಾರವಾರದ ಬಸ್ಸು ಹತ್ತುತ್ತಿದ್ದೆ. ಎಷ್ಟು ತಿಕ್ಕಿದರೂ ಬಿಣಗಾ ದಾಟುವಷ್ಟರಲ್ಲಿ ಬೆವರಿಗೆ ವಾಸನೆ ಮತ್ತೆ ಏಳುತ್ತಿತ್ತು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಶಾಸ್ತ್ರ ತೆಗೆದುಕೊಂಡದ್ದು ಯಾಕೆಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವೇನೂ ಇಲ್ಲ. ಹೆಸರು ಉದ್ದವಿತ್ತು, ಗತ್ತು ಕಂಡಿತು. ನೆರೆಯವರು ಆಯಿಯನ್ನು ವಿಚಾರಿಸಿದರೆ, "ಕಣ್ಣಿಗೆ ಕಾಣದ್ದನ್ನ ಕಲಿಸ್ತ್ರಂತೆ. ಕಾಣೂದನ್ನ ಕಲತು ನಾವು ಎಂತಾ ಉದ್ಧಾರಾದ್ವು?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಆಗ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಪ್ರಯೋಗಕ್ಕೆ ಮೊದಲೇ ಫಲಿತಾಂಶ ಬರೆದಾಗಿರುತ್ತಿತ್ತು. ಹಿಂದಿನ ವರ್ಷದವರು ಪ್ರಯೋಗ ಬರೆದಿಟ್ಟ ಜರ್ನಲ್ಲು ತಂದು, ಚಿತ್ರ ಸಮೇತ ಇಳಿಸಿಕೊಂಡು, ಆಮೇಲೆ ನಿಧಾನಕ್ಕೆ ಲ್ಯಾಬಿಗೆ ಬರುವುದು. ಹಿಂದಿನ ವರ್ಷದವರು ತಮ್ಮ ಹಿಂದಿನವರದ್ದನ್ನು ಇಳಿಸಿಕೊಂಡಿರುತ್ತಿದ್ದರು. ಹೀಗೆ ಮೂಲಕ್ಕೆ ಹೋದರೆ ಯಾರಾದರೂ ಒಬ್ಬ ಪುಣ್ಯಾತ್ಮ ಒಮ್ಮೆಯಾದರೂ ಪ್ರಯೋಗ ಮಾಡಿದ್ದನೋ ಇಲ್ಲವೋ ದೇವರೇ ಬಲ್ಲ. ನಾನೂ ಇಳಿಸಿಕೊಂಡವಳೇ, ನನ್ನ ಅಕ್ಷರ ದುಂಡಗಿದ್ದುದರಿಂದ ನನ್ನ ಜರ್ನಲ್ಲಿಗೆ ಬೇಡಿಕೆಯೂ ಇತ್ತು.

ಕೈ ತೊಳೆಯುವ ಪ್ರಯೋಗ ಬಂತು. ತೊಳೆಯುವ ಮೊದಲು ಒಂದು ತಟ್ಟೆಯ ಅಗರ್ ಮೇಲೆ ಬೆರಳು ಒತ್ತಬೇಕು, ಸಾಬೂನಿನಿಂದ ತೊಳೆದು ಇನ್ನೊಂದರ ಮೇಲೆ ಒತ್ತಬೇಕು. ತಟ್ಟೆಗಳನ್ನು ಬೆಚ್ಚಗಿಟ್ಟರೆ ಮಾರನೆಯ ದಿನ ಸೂಕ್ಷ್ಮಜೀವಿಗಳು ಚುಕ್ಕೆ ಚುಕ್ಕೆಯಾಗಿ ಎದ್ದಿರುತ್ತವೆ. ತೊಳೆದ ತಟ್ಟೆಯಲ್ಲಿ ಚುಕ್ಕೆ ಕಡಿಮೆ ಎಂದು ನಾವೆಲ್ಲ ಆಗಲೇ ಬರೆದುಕೊಂಡಿದ್ದೆವು. ನಮ್ಮ ಸರ್ ತರಗತಿಯನ್ನು ಒಮ್ಮೆ ನೋಡಿ, "ಮೀನಿನವರ ಮನೆಯ ಕೈ ಸಿಕ್ಕರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನೀನೇ ಬಾರಮ್ಮ" ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಆ ವಯಸ್ಸಿನಲ್ಲಿ ಎಲ್ಲರೂ ನಗುವಾಗ ಒಬ್ಬಳೇ ನಗದೆ ನಿಲ್ಲುವುದು ಎಷ್ಟು ಕಷ್ಟ ಎನ್ನುವುದು ನಿಮಗೂ ಗೊತ್ತಿದ್ದೀತು.

ಮಾರನೆಯ ದಿನ ತಟ್ಟೆ ತೆರೆದರೆ ಎಲ್ಲ ತಲೆಕೆಳಗು. ತೊಳೆಯದ ಕೈಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ತೊಳೆದ ಕೈಯದ್ದರಲ್ಲಿ ಬೆರಳಚ್ಚಿನ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು.

"ನೀನು ಸರಿಯಾಗಿ ತೊಳೆದಿಲ್ಲ" ಎಂದರು ಸರ್. ಅವರೆದುರೇ ಮತ್ತೆ ತೊಳೆದೆ, ಮತ್ತೆ ಒತ್ತಿದೆ. ಮರುದಿನವೂ ಹಾಗೆಯೇ ಬಂತು.

"ಇರಲಿ ಬಿಡು. ಪುಸ್ತಕದಲ್ಲಿದ್ದ ಹಾಗೆ ಬರಿ."

"ತಟ್ಟೆಯಲ್ಲಿ ಇದ್ದಂಗೆ ಬರೀತೆ ಸರ್."

"ಹಾಗಾದರೆ ನಾನು ಸಹಿ ಮಾಡುವುದಿಲ್ಲ."

ಜರ್ನಲ್ಲಿಗೆ ಸಹಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ, ಎಂದರೆ ವರ್ಷ ಹೋಯಿತು. ಅಷ್ಟು ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಕೈನೂ ಒಂದ್ಸಲ ಒತ್ತಿ ನೋಡುವಾ ಸರ್" ಎಂದುಬಿಟ್ಟೆ. ಅವರು ಒತ್ತಲಿಲ್ಲ. ಈ ಸಲ ತರಗತಿಯೂ ನಗಲಿಲ್ಲ.

ಮನೆಗೆ ಬಂದು ಹೇಳಿದೆ. ಆಯಿ ಹಿತ್ತಿಲಲ್ಲಿ ಮನೆಯ ಸಾರಿಗೆಂದು ಮೀನು ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ, "ಅವರು ಹೇಳ್ದಂಗೆ ಬರ್ದು ಕೊಟ್ಟು ಬಾ ಮಗಾ. ಮಾಸ್ತರ ಕೂಡೆ ಹಟ ಮಾಡಿ ಯಾರು ಗೆದ್ದಾರೆ? ಹಾಳಾಗೂದು ನಿನ್ನ ವರ್ಷ" ಎಂದಳು.

"ಅಷ್ಟು ಜನ ಇರೂವಾಗ ನನ್ನ ಕೈಯೇ ಎಂತಕೆ ಬೇಕಾಯ್ತು ಕೇಳು."

ಸರ್ ಆಡಿದ ಮಾತು ಹೇಳಿದೆ. ಎಲ್ಲರೂ ನಕ್ಕದ್ದನ್ನೂ ಹೇಳಿದೆ. ಆಯಿಯ ಕತ್ತಿ ನಿಂತಿತು. ತನ್ನ ಕೈಗಳನ್ನೇ ನೋಡಿಕೊಂಡಳು.

"ತೊಳೆದದ್ರಲ್ಲೇ ಜಾಸ್ತಿ ಬಂತು ಅಂದ್ಯಲೇ, ಅದು ಖರೇನಾ?"

"ಖರೆ."

"ಹಂಗಾರೆ ಖರೆಯೇ ಬರಿ. ನಂಗೆ ನಿನ್ನ ವಿದ್ಯೆ ತಿಳೂದಿಲ್ಲ. ಆದ್ರೆ ಮೀನ ಮಾರಿ ಕಾಲೇಜಿಗೆ ಕಳ್ಸಿದ್ದು ಕೈ ತೋರ್ಸಿ ನಗಾಡ್ಸ್ಕೊಳ್ಳೂಕಲ್ಲ. ವರ್ಷ ಹೋದ್ರೆ ಹೋಗ್ಲಿ, ಮತ್ತೊಂದು ವರ್ಷ ಮಾರ್ತೆ."

ಆ ಮಾತು ಕೇಳಿ ನನಗೆ ಅಳು ಬಂತು. ಅತ್ತುಬಿಟ್ಟೆ, ಅತ್ತ ಮೇಲೆ ಹಟ ಗಟ್ಟಿಯಾಯಿತು. ಗ್ರಂಥಾಲಯದ ದಪ್ಪ ಪುಸ್ತಕಗಳನ್ನು ಮೊದಲ ಸಲ ಇಳಿಸಿಕೊಳ್ಳುವುದಕ್ಕಲ್ಲದೆ ಓದುವುದಕ್ಕಾಗಿ ತೆರೆದೆ. ಅಲ್ಲಿ ಕಾರಣ ಸಿಕ್ಕಿತು. ನಮ್ಮ ಚರ್ಮದ ಮೇಲೆ ಬಂದುಹೋಗುವ ಸೂಕ್ಷ್ಮಜೀವಿಗಳೂ ಇರುತ್ತವೆ, ಅಲ್ಲೇ ಮನೆ ಮಾಡಿಕೊಂಡವೂ ಇರುತ್ತವೆ. ಅವಸರದಲ್ಲಿ ತೊಳೆದರೆ ನೆಂಟರು ಎದ್ದು ಹೋಗುತ್ತಾರೆ. ಗದ್ದಲಕ್ಕೆ ಮನೆಯವರು ಒಳಗಿನಿಂದ ಜಗಲಿಗೆ ಬರುತ್ತಾರೆ. ರೋಗ ತರುವವರು ಹೆಚ್ಚಾಗಿ ನೆಂಟರೇ ಆದ್ದರಿಂದ ಕೈ ತೊಳೆಯುವುದೇನೂ ದಂಡವಲ್ಲ, ದಯವಿಟ್ಟು ತೊಳೆಯುತ್ತಿರಿ. ಆದರೆ ಮನೆಯವರು ಎಲ್ಲರ ಕೈಯಲ್ಲೂ ಇದ್ದಾರೆ, ಜಾತಿ ಕೇಳಿ ಒಕ್ಕಲು ಕೂತವರಲ್ಲ. ಇಷ್ಟನ್ನೂ ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಜರ್ನಲ್ಲನ್ನು ಸರ್ ಮೇಜಿನ ಮೇಲಿಟ್ಟೆ.

ಕೊನೆಯ ದಿನದವರೆಗೂ ಅವರು ಅದನ್ನು ಮುಟ್ಟಲಿಲ್ಲ. ಕೊನೆಗೆ ಸಹಿ ಮಾಡಿದರು, ಆದರೆ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ 'ಪ್ರಯೋಗ ವಿಫಲ' ಎಂದು ಬರೆದರು. ಅಂಕವೂ ಕಡಿಮೆಯಾಯಿತು. ಯಾರೂ ಬಂದು ನನ್ನ ಬೆನ್ನು ತಟ್ಟಲಿಲ್ಲ. ಪಾಸಾದೆ, ಮುಂದೆ ಓದಿದೆ, ಇದೇ ಕಾಲೇಜಿನಲ್ಲಿ ಇದೇ ವಿಷಯ ಕಲಿಸುವವಳಾದೆ. ಹೋದ ಅಂಕಕ್ಕೆ ನಾನು ಒಂದು ದಿನವೂ ಮರುಗಿಲ್ಲ.

ಕಲಿಸತೊಡಗಿದಾಗಿನಿಂದ ಪ್ರತಿ ವರ್ಷ ಈ ಪ್ರಯೋಗಕ್ಕೆ ಮೊದಲು ನನ್ನ ವಿದ್ಯಾರ್ಥಿಗಳಿಗೆ ಈ ಕತೆ ಹೇಳುತ್ತೇನೆ. ಹೇಳುತ್ತ ಹೇಳುತ್ತ ನನಗೂ ಸ್ವಲ್ಪ ಅಭಿನಯ ಬಂದಿದೆ. ಸರ್ ದನಿ ತೆಗೆಯುತ್ತೇನೆ, ಎಲ್ಲರೂ ನಗುತ್ತಾರೆ. ಕಳೆದ ವಾರವೂ ಹೇಳಿದೆ. ಮರುದಿನ ತಟ್ಟೆಗಳು ಬಂದವು, ನಾನು ಜರ್ನಲ್ಲುಗಳನ್ನಷ್ಟೇ ನೋಡಿದೆ. ಬಂದ ಜರ್ನಲ್ಲುಗಳಲ್ಲೆಲ್ಲ ತೊಳೆದ ಕೈಯಲ್ಲಿ ಚುಕ್ಕೆ ಹೆಚ್ಚು. ಒಂದರಲ್ಲಿ ಮಾತ್ರ ಕಡಿಮೆ ಎಂದಿತ್ತು. ದೀಪಾಳದ್ದು. ರಾಮನಗುಳಿಯ ಕೃಷಿಕರ ಮನೆಯ ಹುಡುಗಿ, ಮಾತು ಕಡಿಮೆ.

"ನೀನು ಬೆರಳು ಸರಿಯಾಗಿ ಒತ್ತಿಲ್ಲ. ಮತ್ತೊಮ್ಮೆ ಮಾಡು" ಎಂದೆ. ಮಾಡಿದಳು. ಮರುದಿನ ಅವಳ ತಟ್ಟೆ ಮೊದಲಿಗಿಂತ ಸ್ವಚ್ಛವಾಗಿತ್ತು.

"ಎಷ್ಟು ಹೊತ್ತು ತೊಳೆದೆ?"

"ಚೊಕ್ಕ ಆಗೂವರಿಗೆ."

"ಉಳಿದವರದ್ದೆಲ್ಲ ನೋಡು, ಹೆಚ್ಚು ಬಂದಿದೆ."

"ಅವರು ತಟ್ಟೆ ತೆಗೆಯೂಕಿಂತ ಮೊದ್ಲೇ ಬರ್ದಿದ್ರು ಮೇಡಂ. ನೀವು ಕತೆ ಹೇಳಿದ್ರಲ್ಲಾ, ಅದ್ನೇ ಬರ್ದ್ರು. ನಂದ್ರಲ್ಲಿ ಹೆಚ್ಚು ಬರ್ಲಿಲ್ಲ. ಬಂತು ಅಂತ ನಾ ಬರಿಯೂದಿಲ್ಲ."

"ನಾನು ಸಹಿ ಮಾಡದಿದ್ದರೆ?"

"ಮಾಡ್ಬೇಡಿ."

ನನಗೆ ಭಯಂಕರ ಸಿಟ್ಟು ಬಂತು. ಆಮೇಲೆ, ಬಂದ ಸಿಟ್ಟು ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿರುವಾಗಲೇ, ಖುಷಿ ಬಂತು. ನನ್ನ ಸ್ವಂತ ಜರ್ನಲ್ಲಿಗೆ ಸಹಿ ಬಿದ್ದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ದೀಪಾಳ ಜರ್ನಲ್ಲಿಗೆ ಸಹಿ ಮಾಡಿದೆ. ಬಾಕಿ ಎಲ್ಲ ಜರ್ನಲ್ಲುಗಳನ್ನು ಸಹಿಯಿಲ್ಲದೆ ವಾಪಸು ಕೊಟ್ಟು, ಕೈ ತೊಳೆದು ಬನ್ನಿ, ಮೊದಲಿನಿಂದ ಮಾಡೋಣ ಎಂದೆ. ಇನ್ನು ಮುಂದೆ ನನ್ನ ಕತೆ ಹೇಳುವುದು ತಟ್ಟೆ ತೆರೆದು ನೋಡಿ, ಕಂಡದ್ದನ್ನು ಎಲ್ಲರೂ ಬರೆದು ಮುಗಿಸಿದ ಮೇಲೆ.