ಹಗ್ಗ ಹಿಡಿಯುವ ಕೈ

ಬಸವಕಲ್ಯಾಣದ ಐಶ್ವರ್ಯ, ಗೆಳತಿ ಗಜಾಲಾ ಬಾದಾಮಿಯಲ್ಲಿ ಬಂಡೆ ಹತ್ತಲು ಕಲಿತವರು. ಐಶ್ವರ್ಯ ಹುಮನಾಬಾದಿಗೆ ಸೊಸೆಯಾಗಿ ಬಂದ ಮೇಲೂ ವರ್ಷಕ್ಕೊಮ್ಮೆ ಇಬ್ಬರೂ ಹಿಮಾಲಯಕ್ಕೆ ಹೋಗುತ್ತಿದ್ದರು. ಗಜಾಲಾ ಮೇಲೆ ಹತ್ತಿದರೆ ಕೆಳಗೆ ಹಗ್ಗ ಹಿಡಿದು ನಿಲ್ಲುವವಳು ಇವಳೇ.

ಈ ಸಲ ಹೊರಡುವ ಹೊತ್ತಿಗೇ ಮೈದುನನ ನಿಶ್ಚಿತಾರ್ಥ ಬಂತು.

“ಐವತ್ತು ಮಂದಿಗೆ ರೊಟ್ಟಿ ಯಾರು ಬಡೀಬೇಕವ್ವಾ? ಗುಡ್ಡ ಎಲ್ಲಿ ಓಡಿಹೋಗ್ತದ?” ಅಂದರು ಅತ್ತೆ ಮಾಣಿಕಮ್ಮ. ಗಂಡ ಹಿಟ್ಟಿನ ಚೀಲ ತಂದಿಟ್ಟ; ಐಶ್ವರ್ಯ ಉಳಿದಳು. ಗಜಾಲಾ ಹೊಸಬಳೊಬ್ಬಳನ್ನು ಜೊತೆ ಮಾಡಿಕೊಂಡು ಹೋದಳು.

ನಿಶ್ಚಿತಾರ್ಥದ ಬೆಳಿಗ್ಗೆ ಗಜಾಲಾಳ ತಮ್ಮ ಆಸಿಫ್ ಫೋನ್ ಮಾಡಿದ.

“ಅಕ್ಕಾ, ಗಜಾಲಾ ಆಪಾ ಜಾರಿ ಬಿದ್ದಾಳ್ರಿ. ಕೆಳಗಿದ್ದಾಕಿ ಕೈಯಾಗ ಹಗ್ಗ ನಿಲ್ಲಲಿಲ್ಲಂತ. ಹೋಗೇಬಿಟ್ಟಳ್ರಿ.”

ಐಶ್ವರ್ಯ ಹಿಟ್ಟು ಮೆತ್ತಿದ ತನ್ನ ಕೈಯನ್ನೇ ನೋಡುತ್ತ ಕೂತಳು.

“ಐಶ್ವರ್ಯಾ, ರೊಟ್ಟಿ ಹೊತ್ತಾಕತ್ತದ!” ಅತ್ತೆ ಕೂಗಿದರು.

ಎಂಟು ವರ್ಷ ಗಜಾಲಾಳ ಭಾರ ತಡೆದಿದ್ದ ಆ ಕೈ ರೊಟ್ಟಿ ತಿರುವಿಹಾಕಿತು.