ಅಜ್ಜಿ ದಿನವೂ ನೋಡುತ್ತಿದ್ದ ಹಲ್ಲು

ತಿಪಟೂರಿನಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದ ಹೊಸತು. ಕಂದಿಕೆರೆ ಕಡೆಯ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಮಗುವಿನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತಂದೆ ಕೊಬ್ಬರಿ ಲಾರಿ ಓಡಿಸುತ್ತ ಬಹುಪಾಲು ಹೊರಗೇ ಇರುತ್ತಿದ್ದ. ತೋಟ, ದನ, ಮಗು ಎಲ್ಲವೂ ಅಜ್ಜಿಯ ಮೇಲೆ.

ಕೆಳದವಡೆಯ ಹಾಲುಹಲ್ಲೊಂದು ಆಳವಾಗಿ ಹುಳುಕಾಗಿತ್ತು. ಹುಳುಕು ತೆಗೆಯುವಷ್ಟರಲ್ಲೇ ಮಗು ಅತ್ತು ಸೋತುಹೋಯಿತು. ಅವತ್ತಿಗೆ ಅಷ್ಟೇ ಸಾಕೆಂದು ತಾತ್ಕಾಲಿಕ ಸಿಮೆಂಟು ತುಂಬಿದೆ.

"ಅಜ್ಜಿ, ಇದು ಸ್ವಲ್ಪ ದಿನಕ್ಕೆ ಮಾತ್ರ. ಎರಡು ವಾರ ಬಿಟ್ಟು ಬನ್ನಿ, ಗಟ್ಟಿಯಾದ್ದು ಹಾಕ್ತೀನಿ."

"ಬತ್ತೀವಿ ಕಣವ್ವ," ಎಂದರು.

ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಕೋಲೂರಿಕೊಂಡು ಒಳಗೆ ಬಂದರು. ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ. ಜೊತೆಗಿದ್ದ ಮಗುವಿನ ಕೆನ್ನೆ ದವಡೆಯ ಕೆಳಗಿನವರೆಗೂ ಊದಿತ್ತು. ಮುಟ್ಟಿದರೆ ಜ್ವರ.

ಸಿಮೆಂಟು ಉದುರಿರಬೇಕು ಎಂದುಕೊಂಡು ಬಾಯಿ ತೆರೆಸಿದೆ. ಉದುರಿರಲಿಲ್ಲ. ನಾನು ತುಂಬಿದ್ದು ಬೆಳ್ಳಗೆ ಹಾಗೇ ಕೂತಿತ್ತು. ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಿರುಕು. ಎಬ್ಬಿಸಿ ತೆಗೆದರೆ ಕೆಟ್ಟ ವಾಸನೆ. ಕೆಳಗೆಲ್ಲ ಕಪ್ಪಗೆ, ಒದ್ದೆಯಾಗಿ ಕೊಳೆತಿತ್ತು. ಬೇರಿನವರೆಗೂ ಕೀವು.

ಅಜ್ಜಿ ಆ ಸಿಮೆಂಟಿನ ಚೂರನ್ನೇ ನೋಡುತ್ತ ನಿಂತರು.

"ದಿನಾ ಹಲ್ಲುಜ್ಜಿಸಿ, ಬ್ಯಾಟ್ರಿ ಬುಟ್ಟು ನೋಡ್ತಿದ್ನಲ್ಲವ್ವ. ಮಂಚದ ಮೇಲಿದ್ದಾಗ್ಲೂ ಪಕ್ಕಕ್ಕೆ ಕರ್ಕಂಡು ನೋಡ್ದೆ. ಬಿಳೀದು ಹಂಗೇ ಇತ್ತು. ನೋವೂ ಇಲ್ಲ ಅಂತಿದ್ಲು."

ಕಾಲೇಜಿನಲ್ಲಿ ನಾವು ಕಿತ್ತ ಹಾಲುಹಲ್ಲುಗಳಿಗೆ ಇಂಥವೇ ಸಿಮೆಂಟುಗಳನ್ನು ತುಂಬಿ, ನೀಲಿ ಬಣ್ಣದ ನೀರಿನಲ್ಲಿ ನೆನೆಹಾಕಿ, ಎಲ್ಲಾದರೂ ಸೋರಿದೆಯೇ ಎಂದು ಆಮೇಲೆ ಸೀಳಿ ನೋಡುತ್ತಿದ್ದೆವು. ಹೊರಗಿನಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. ಸೀಳಿದಾಗ ಕೆಲವುಗಳಲ್ಲಿ ನೀಲಿ ಗೆರೆಯೊಂದು ಸಿಮೆಂಟಿನ ಪಕ್ಕದಲ್ಲೇ ಹಲ್ಲಿನ ಗೋಡೆಗುಂಟ ಇಳಿದು ತಳ ಮುಟ್ಟಿರುತ್ತಿತ್ತು. ಅಗಿದು ಅಗಿದು ಸಿಮೆಂಟು ಸವೆಯುತ್ತದೆ, ಅಂಚಿನಿಂದ ಎಂಜಲು ಇಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಮಗುವೊಂದರ ಊದಿದ ಕೆನ್ನೆಯಾಗಿ ಎದುರು ಕೂತದ್ದು ಅವತ್ತೇ ಮೊದಲು.

"ನಿಮ್ಮ ತಪ್ಪಲ್ಲ ಅಜ್ಜಿ. ಒಳಗೆ ಸೋರಿದ್ದು ಹೊರಗಿಂದ ಯಾರಿಗೂ ಕಾಣಲ್ಲ," ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವ್ಳವ್ವ ಇದ್ದಿದ್ರೆ ನೀವ್ ಹೇಳಿದ್ ದಿನಕ್ಕೆ ಕರ್ಕಬತ್ತಿದ್ಲು."

ಔಷಧಿ ಕೊಟ್ಟು, ಊತ ಇಳಿದ ಮೇಲೆ ಹಲ್ಲು ಕಿತ್ತೆ. ಮಗು ಅಜ್ಜಿಯ ಕೈ ಬಿಡಲಿಲ್ಲ, ಅಳಲೂ ಇಲ್ಲ. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ತೊದಲಿತು: "ಅಜ್ಜಿ, ಹಲ್ಲೇ ಇಲ್ವಲ್ಲ. ಇನ್ಮೇಲೆ ದಿನಾ ನೋಡಲ್ವಾ?"

"ನೋಡ್ತೀನಿ ಕಣ್ ಮಗ. ಉಳಿದವು ಇಲ್ವಾ?"

ಹೊಸ ಹಲ್ಲಿಗೆ ಜಾಗ ಉಳಿಯಲೆಂದು ಸಣ್ಣ ತಂತಿಯೊಂದನ್ನು ಕೂರಿಸಿದೆ. ಆಮೇಲೆ ಕರೆದಾಗಲೆಲ್ಲ ತಪ್ಪದೆ ಬಂದರು. ಅಂದಿನಿಂದ ತಾತ್ಕಾಲಿಕ ಸಿಮೆಂಟು ತುಂಬಿದ ಪ್ರತಿ ಮಗುವಿನ ಮನೆಯವರಿಗೂ, ಅದು ಬೀಳದಿದ್ದರೂ, ನೋವಿಲ್ಲದಿದ್ದರೂ ಬನ್ನಿ ಎನ್ನುತ್ತೇನೆ. ಎರಡು ಫೋನ್ ನಂಬರು ಕೇಳುತ್ತೇನೆ.

ಕೆಲವು ವರ್ಷಗಳ ನಂತರ ಆ ಜಾಗದಲ್ಲಿ ಹೊಸ ಹಲ್ಲು ಮೂಡಿತು. ಅದರ ಮೇಲೊಂದು ಕಂದು ಕಲೆ ಇತ್ತು. ಹಳೆಯ ಕೀವು ದವಡೆಯೊಳಗೆ ಬೆಳೆಯುತ್ತಿದ್ದ ಎಳೆಯ ಹಲ್ಲನ್ನೂ ಮುಟ್ಟಿತ್ತು. ಅಜ್ಜಿಗೆ ಈಗ ಅಷ್ಟು ದೂರ ಬರಲಾಗುತ್ತಿರಲಿಲ್ಲವಂತೆ, ಅವತ್ತು ತಂದೆಯೇ ಕರೆತಂದಿದ್ದ.

"ಇದು ಹೋಗುತ್ತಾ ಡಾಕ್ಟ್ರೇ?" ಹುಡುಗಿ ಕನ್ನಡಿ ಹಿಡಿದು ಕೇಳಿದಳು.

"ಇಲ್ಲಮ್ಮ. ಆದ್ರೆ ಹಲ್ಲು ಉಳಿಯುತ್ತೆ."

ಅವಳು ಇನ್ನೊಮ್ಮೆ ನೋಡಿಕೊಂಡು, "ಅಜ್ಜಿ ಥರ ನೀನೂ ದಿನಾ ನೋಡಪ್ಪ," ಎಂದು ಕನ್ನಡಿಯನ್ನು ತಂದೆಯ ಕೈಗೆ ಕೊಟ್ಟಳು.