ಮಾವಶಿ ಮೊಣಕಾಲಿನ ಗಾದಿ

ಕೇಳ್ರಿ ಇಲ್ಲಿ, ಇವತ್ತ ಹೊನವಾಡದಿಂದ ನಮ್ಮ ಮಾವಶಿ, ಅಂದ್ರ ನಮ್ಮವ್ವನ ಅಕ್ಕ, ಸೀದಾ ನಮ್ಮ ಲ್ಯಾಬಿಗೇ ಬಂದ್ಲು. ದವಾಖಾನ್ಯಾಗ ಡಾಕ್ಟರು, "ಮೊಣಕಾಲಾಗಿನ ಗಾದಿ ಸವದೈತಿ" ಅಂದಾರ. ನಮ್ಮವ್ವ, "ಆ ಗಾದೀನ ನನ್ನ ಮಗಳು ಪ್ರಿಂಟ್ ಹೊಡಿತಾಳ" ಅಂತ ಹೇಳಿ ಕಳಿಸ್ಯಾಳ.

ಖರೇ ಅಂದ್ರ ನಾ ಮಾಡೂದು ಜೆಲ್ಲು. ಅದಕ್ಕ ಜೀವಕೋಶ ಬೆರಸಿ, ಪ್ರಿಂಟರಿನಾಗ ಎಳಿ ಎಳಿಯಾಗಿ ಹಾಕಿದ್ರ, ಮುಂದ ಯಾವಾಗರೆ ಅದು ಕೀಲಿನಾಗಿನ ಮೆತ್ತನ ಎಲುಬು, ಅಂದ್ರ ಡಾಕ್ಟರು ಹೇಳಿದ ಗಾದಿ, ಆಗಬೇಕು. ಇಷ್ಟ ದಿನ ಹಾಕಿದ್ದೆಲ್ಲಾ ಅಂಬಲಿಯಂಗ ಹರದು ಹೊಂಟಿತ್ತು. ಇವತ್ತ ಅಂಗಿ ಗುಂಡಿಯಷ್ಟು ಒಂದು ಬಿಲ್ಲಿ ನಿಂತಿತ್ತು.

ಮಾವಶಿ ಬಗ್ಗಿ ನೋಡಿದ್ಲು. "ಇದೇನ ಬೇ, ಇಲಿ ಗಾದಿ?"

"ಇದು ಬರೇ ನಮೂನಾ, ಮಾವಶಿ. ಮನಷ್ಯಾರಿಗೆ ಹಾಕಾಕ ಇನ್ನಾ ಭಾಳ ವರ್ಷ ಹಿಡಿತೈತಿ."

"ಅಷ್ಟ್ಯಾಕ? ನಮ್ಮೂರ ಪಿಂಜಾರ ಕಾಕಾ ಹಳೀ ಗಾದಿ ಬಿಚ್ಚಿ, ಅದ ಅರಳಿ ಹಿಂಜಿ, ಸಂಜಿಗೆ ತುಂಬಿ ಕೊಡ್ತಾನಲ್ಲ!"

ನಾ ಮುಟ್ಟಬ್ಯಾಡ ಅನ್ನೂದ್ರಾಗ ಮಾವಶಿ ಬಿಲ್ಲಿ ಮ್ಯಾಲ ಹೆಬ್ಬಟ್ಟು ಒತ್ತೇಬಿಟ್ಲು. ಬಟ್ಟು ತಗದ್ರ, ಬಿಲ್ಲಿ ಮೆಲ್ಲಕ ಮೊದಲಿನಂಗ ಎದ್ದು ನಿಂತತು! ನಾ ಅಲ್ಲೇ ಕುಣದಾಡಿದೆ.

ಮಾವಶಿ ಕುರ್ಚಿಯಿಂದ ಏಳಾಕ ಹೋಗಿ, "ಯವ್ವಾ" ಅಂತ ಮತ್ತ ಕುಂತ್ಲು. "ಅದಂತೂ ಎದ್ದತು. ನಾ ಏಳೂದು ಯಾವಾಗ?"

ಕೈ ಕೊಟ್ಟು ಎಬ್ಬಿಸಿದೆ. ಸದ್ಯಕ್ಕ ನಮ್ಮ ಲ್ಯಾಬಿನಾಗ ಮನಷ್ಯಾರ ಮ್ಯಾಲ ಬಳಸಾಕ ಪರವಾನಗಿ ಇರೂದು ಆ ಕೈಯೊಂದಕ್ಕ ನೋಡ್ರಿ.